ನನ್ನ ಕೈಗೆ ಮತ್ತೆ ಬಳೆ ತೊಡಿಸಿದವರಿಗೆ

ಹೋದ ಸೋಮವಾರ ನಮ್ಮ ಮನೆಯವರ ವರ್ಷದ ಕಾರ್ಯ ಮುಗಿಯಿತು. ಬಂದವರಿಗೆಲ್ಲ ಊಟದ ಹೊತ್ತಿಗೆ ಕೈ ಮುಗಿದೆ, ಮಾತು ಬರಲಿಲ್ಲ. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕೊನೆತನಕ ಓದಿ. ಧನ್ಯವಾದದ ಜೊತೆ ಒಂದು ಕ್ಷಮೆಯನ್ನೂ ಕೇಳಬೇಕಾಗಿದೆ.

ಮೊದಲು ಡಯಾಲಿಸಿಸ್ ವಾರ್ಡಿನ ಸಿಸ್ಟರಿಗೆ.

ಎರಡು ವರ್ಷ, ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೂ ನಾಲ್ಕು ತಾಸು. ಶುಗರ್, ಬಿಪಿ ಎರಡೂ ಸೇರಿ ಇವರ ಕಿಡ್ನಿಯನ್ನು ತಿಂದುಹಾಕಿದ್ದವು. ಕಾಲು ಬಾತಾಗಲೇ ದವಾಖಾನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮನೆಯ ಹಿರಿಯರು "ಯಾರೋ ಮಾಡಿಸ್ಯಾರ" ಅಂದರು. ಹೇಳಿಕೆ ಕೇಳಿಸಿದೆವು, ದಾರ ಕಟ್ಟಿಸಿದೆವು, ಹರಕೆ ಹೊತ್ತೆವು. ಮೂರು ತಿಂಗಳು ಹಾಗೇ ಹೋಯಿತು. ನಾನು ಓದಿದವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆದರೂ ಸುಮ್ಮನಿದ್ದೆ. ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರೆ ಕಾಯಿಲೆ ಹೋಗುತ್ತೆ ಅನ್ನುವವರನ್ನು ನೋಡಿ ಎಷ್ಟು ಸಲ ನಕ್ಕಿದ್ದೆನೋ ಲೆಕ್ಕವಿಲ್ಲ. ದರ್ಗಾಕ್ಕೆ ಹೋಗಿ ತಾಯತ ತರುವವರನ್ನೂ ಆಡಿಕೊಂಡಿದ್ದೆ. ನಮ್ಮ ಮನೆಯ ಹರಕೆಗೆ ಮಾತ್ರ ನಾನು ಬೇರೆ ಹೆಸರು ಇಟ್ಟುಕೊಂಡಿದ್ದೆ. ಅದು ನಂಬಿಕೆ.

ಡಯಾಲಿಸಿಸ್ ಮಾಡಿಸುವವರ ಕೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿರುತ್ತಾರೆ. ಫಿಸ್ಟುಲಾ ಅಂತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುರ್ರ್ ಅಂತ ನಡುಗುತ್ತೆ. ಆ ನಡುಕ ನಿಂತರೆ ಕೈ ಕೆಟ್ಟಂತೆ. ಅದಕ್ಕೇ ಆ ಕೈಗೆ ಬಿಗಿಯಾಗಿ ಏನನ್ನೂ ಕಟ್ಟುವಂತಿಲ್ಲ. ವಾಚು ಬೇಡ, ಬಿಪಿ ನೋಡುವ ಪಟ್ಟಿಯನ್ನೂ ಆ ಕೈಗೆ ಸುತ್ತಬಾರದು.

ಒಂದು ಬೆಳಿಗ್ಗೆ ಸಿಸ್ಟರ್ ಕತ್ತರಿ ಹಿಡಿದು ಬಂದರು. ನಮ್ಮವರ ಕೈಯಲ್ಲಿ ಕರಿದಾರ, ಮೂರು ಸುತ್ತು. ಪಕ್ಕದ ಮಂಚದ ಚಾಚಾನ ಕೈಯಲ್ಲಿ ತಾಯತ. ಅದರಾಚೆ ಮಂಚದ ಅಜ್ಜ ಜಪಮಾಲೆಯನ್ನೇ ಮಣಿಕಟ್ಟಿಗೆ ಸುತ್ತಿಕೊಂಡಿದ್ದರು. ಬಿಚ್ಚಿ ಅಂದ ಕೂಡಲೇ ಮೂರೂ ಮಂಚದ ಕಡೆಯಿಂದ ಒಂದೇ ಮಾತು ಬಂತು: ಬಿಚ್ಚಿದರೆ ಏನಾದರೂ ಆದೀತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಮ್ಮ ಅತ್ತೆ. ಅತ್ತೆಯ ಮುಖದಲ್ಲಿ, ಚಾಚಾನ ಹೆಂಡತಿಯ ಮುಖದಲ್ಲಿ, ಆ ಅಜ್ಜನ ಮಗನ ಮುಖದಲ್ಲಿ ಇದ್ದದ್ದು ಒಂದೇ ಹೆದರಿಕೆ. ನನ್ನ ಮುಖದಲ್ಲೂ ಅದೇ ಇತ್ತು ಅನ್ನುವುದು ನನಗೆ ಅವತ್ತೇ ಗೊತ್ತಾಯಿತು.

ಸಿಸ್ಟರ್ ಯಾರನ್ನೂ ಬೈಯಲಿಲ್ಲ, ನಗಲೂ ಇಲ್ಲ. "ದಿಂಬಿನ ಕೆಳಗೆ ಇಡಿ ಅಮ್ಮಾ, ದೇವರು ಅಲ್ಲಿಗೂ ಬರ್ತಾನೆ. ನನಗೆ ಈ ಕೈ ಬೇಕು" ಅಂದರು. ಅವರ ಕೊರಳಿನ ಶಿಲುಬೆಯನ್ನು ನೋಡಿ ಮೊದಲ ವಾರ ನಾನು ಅತ್ತೆಯ ಕಿವಿಯಲ್ಲಿ ಏನು ಪಿಸುಗುಟ್ಟಿದ್ದೆ ಅಂತ ಇಲ್ಲಿ ಬರೆಯಲಾರೆ. ಸಿಸ್ಟರ್, ಆ ಎರಡು ವರ್ಷ ಇವರ ಕೈಯನ್ನು ಕಾಪಾಡಿದವರು ನೀವು. ನಿಮ್ಮ ಋಣ ದೊಡ್ಡದು.

ಈಗ ನಮ್ಮ ಪಕ್ಕದ ಮನೆಯ ಆಪಾನ ಮಾತು.

2016ರಲ್ಲಿ ಆಪಾನ ಗಂಡ ತೀರಿಕೊಂಡಾಗ ಅವರು ಇದ್ದತ್ ಕೂತರು, ಅಂದರೆ ಗಂಡನನ್ನು ಕಳಕೊಂಡ ಮುಸ್ಲಿಂ ಹೆಂಗಸರು ಮನೆಯೊಳಗೇ ಕಳೆಯುವ ಶೋಕದ ದಿನಗಳು. ನಾಲ್ಕು ತಿಂಗಳು ಹತ್ತು ದಿನ. ಅವರ ಹೊಲಿಗೆ ಮಷಿನ್ನಿನ ಸದ್ದು ನಿಂತಿತ್ತು, ಅಂಗಳಕ್ಕೂ ಬರುತ್ತಿರಲಿಲ್ಲ. ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ ಇನ್ನೊಬ್ಬರ ಹತ್ತಿರ, "ಇದೇನು ಧರ್ಮನೋ ಜೈಲೋ? ಈ ಹೆಂಗಸರು ಹೇಗಾದರೂ ತಡಕೊಳ್ತಾರೋ" ಅಂದಿದ್ದೆ. ಜೋರಾಗಿಯೇ ಅಂದಿದ್ದೆ.

ಹೋದ ವರ್ಷ ನನ್ನ ಸರದಿ ಬಂತು. ಮಣ್ಣು ಕೊಟ್ಟು ಬಂದ ಮೇಲೆ ಬಚ್ಚಲ ಕಲ್ಲಿನ ಮೇಲೆ ನನ್ನ ಎರಡೂ ಕೈ ಇಡಿಸಿದರು. ಹಸಿರು ಗಾಜಿನ ಬಳೆ, ಶ್ರಾವಣದಲ್ಲಿ ಇವರೇ ಕೊಡಿಸಿದ್ದು. ಒಂದು ಚೂರು ಎಡಗೈ ಮಣಿಕಟ್ಟಿಗೆ ಹೊಕ್ಕಿತು. ರಕ್ತ ಬಂದರೂ ಯಾರೂ ನಿಲ್ಲಿಸಲಿಲ್ಲ. ಸುತ್ತ ನಿಂತವರೆಲ್ಲ ನನ್ನವರೇ. ಯಾರೂ ಕೆಟ್ಟವರಲ್ಲ. ಅತ್ತೆಯಂತೂ ನನಗಿಂತ ಜಾಸ್ತಿ ಅಳುತ್ತಿದ್ದರು, ಅಳುತ್ತಲೇ ನನ್ನ ಕುಂಕುಮ ಒರೆಸಿದರು.

ನಮ್ಮದು ಬಸವಣ್ಣನವರ ದಾರಿ ಅಂತ ಹೇಳಿಕೊಳ್ಳುವ ಮನೆ. ಜಾತಿ, ಹುಟ್ಟು, ಸಾವು, ಮುಟ್ಟು, ಎಂಜಲು, ಈ ಐದು ಸೂತಕವೂ ಇಲ್ಲ ಅಂತ 12ನೇ ಶತಮಾನದಲ್ಲೇ ಶರಣರು ಹೇಳಿದರು ಅನ್ನುವುದನ್ನು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಎದೆಯುಬ್ಬಿಸಿ ಕಲಿಸಿದ್ದೇನೆ. ಹಾಗಿದ್ದರೆ ನಾನು ಎದುರಿಗೆ ಬಂದರೆ ಜನ ಯಾಕೆ ನಿಂತುಬಿಡುತ್ತಾರೆ? ತಮ್ಮನ ಮಗಳ ಸೀಮಂತದ ಸುದ್ದಿ ನನಗೆ ಮೂರು ದಿನ ತಡವಾಗಿ ಯಾಕೆ ಬಂತು? ಹೋದ ಸಲ ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಓಣಿಯವರೆಲ್ಲ ಸೇರಿ ರೊಟ್ಟಿ ಬಡಿಯುವಾಗ, "ನೀ ಈ ವರ್ಷ ಸುಮ್ನ ಕೂಡವ್ವ" ಅಂತ ಹಿಟ್ಟಿನ ಪರಾತವನ್ನು ಯಾಕೆ ಆಚೆ ಸರಿಸಿದರು? ಅದನ್ನು ಸರಿಸಿದ ಕೈ ತುಂಬಾ ಮೆತ್ತಗಿತ್ತು. ಅದಕ್ಕೇ ಜಾಸ್ತಿ ನೋವಾಯಿತು.

ಐದನೇ ದಿನದ ಸಂಜೆ ಆಪಾ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಗಾಯ ನೋಡಿ, ಎದ್ದು ಹೋಗಿ ಅರಿಶಿನ ತಂದು ಹಚ್ಚಿದರು. ಎಷ್ಟೋ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಅಕ್ಕೋರೆ, ನಮ್ಮ ಇದ್ದತ್ತಿಗೆ ಕಡೀ ದಿನ ಅಂತ ಒಂದು ಐತ್ರಿ. ಅವತ್ತು ಜಳಕ ಮಾಡಿ ಹೊಸ ಬಟ್ಟಿ ಹಾಕ್ಕೊಂಡು ಹೊರಗ ಬಂದೆ. ನಿಮ್ಮದು ಯಾವಾಗ ಮುಗಿತೈತ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಜೈಲು ಅಂದದ್ದಕ್ಕೆ ಬಾಗಿಲು ತೆರೆಯುವ ತಾರೀಖು ಇತ್ತು. ನನ್ನದಕ್ಕೆ ತಾರೀಖೇ ಇರಲಿಲ್ಲ.

ಆಪಾ ತಮ್ಮವರನ್ನು ಎತ್ತಿ ಆಡಲೂ ಇಲ್ಲ. ಕುರಾನಿನಲ್ಲಿ ಇರುವುದು ದಿನದ ಲೆಕ್ಕ, ಬಸುರಿಯಾಗಿದ್ದರೆ ಹೆರಿಗೆಯಾಗುವ ತನಕ. ಕನ್ನಡಿ ನೋಡಬಾರದು, ಆಕಾಶ ನೋಡಬಾರದು ಅಂತ ಮನೆಯವರು ಮೇಲೆ ಸೇರಿಸಿದ್ದರಂತೆ. ಆ ನಾಲ್ಕು ತಿಂಗಳು ಹೊಲಿಗೆಯ ಗಿರಾಕಿಗಳೆಲ್ಲ ಬೇರೆಯವರ ಪಾಲಾದರು ಅಂತ ಹೇಳುವಾಗ ಅವರ ಕಣ್ಣು ತುಂಬಿತು. ಮಕ್ಕಳಿದ್ದ ಹೆಂಡತಿಗೆ ಗಂಡನ ಆಸ್ತಿಯಲ್ಲಿ ಎಂಟರಲ್ಲಿ ಒಂದು ಪಾಲು ಅಂತ ಅವರ ಧರ್ಮವೇ ಹೇಳುತ್ತೆ. ಅದನ್ನೂ ಮೈದುನಂದಿರು ಸಹಿ ಹಾಕಿಸಿಕೊಂಡು ಬಿಡಿಸಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನನಗೆ ಮಕ್ಕಳ ಸಮ ಪಾಲು ಕೊಟ್ಟಿದೆ. ಇವರ ತಿಂಗಳ ಕಾರ್ಯ ಮುಗಿದ ವಾರದಲ್ಲೇ ನನ್ನ ಮುಂದೆಯೂ ಒಂದು ಹಕ್ಕು ಬಿಡುಗಡೆ ಪತ್ರ ಬಂತು. ಇಬ್ಬರ ಕಾಗದದ ಮಾತೂ ಹೆಚ್ಚುಕಮ್ಮಿ ಒಂದೇ. ಸಹಿ ಹಾಕಬೇಡಿ ಅಂತ ನನ್ನ ಕೈ ಹಿಡಿದವರು ಆಪಾ.

ಇದರ ನಡುವೆ ನನ್ನ ಜೊತೆ ಕೆಲಸ ಮಾಡುವ ಸಮಾಜ ವಿಜ್ಞಾನದ ಸರ್ ಅವರನ್ನೂ ನೆನೆಯಬೇಕು. ರಜೆ ಮುಗಿಸಿ ಶಾಲೆಗೆ ಹೋದಾಗ ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳನ್ನು ಗವಿಮಠದ ಗುಡ್ಡಕ್ಕೆ ಕರೆದುಕೊಂಡು ಹೋಗುವಾಗ "ನೀವೂ ಬರ್ರಿ ಮೇಡಂ" ಅಂದರು. ನಮ್ಮ ಕೊಪ್ಪಳದಲ್ಲಿ ಅಶೋಕನ ಶಾಸನ ಎರಡು ಕಡೆ ಇದೆ, ಗವಿಮಠದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ. ಹುಟ್ಟಿದಾಗಿನಿಂದ ಆ ಗುಡ್ಡ ನೋಡುತ್ತಿದ್ದರೂ ಅದರಲ್ಲಿ ಏನು ಬರೆದಿದೆ ಅಂತ ನಾನು ಕೇಳಿದ್ದೇ ಇಲ್ಲ. ಧರ್ಮದ ದಾರಿ ಹಿಡಿದ ಮೇಲೂ ಒಂದು ವರ್ಷ ನಾನು ಸರಿಯಾಗಿ ಶ್ರಮಪಡಲಿಲ್ಲ ಅಂತ ರಾಜ ತಾನೇ ಒಪ್ಪಿಕೊಂಡಿದ್ದಾನಂತೆ. ಅಷ್ಟು ದೊಡ್ಡ ಅರಸು, ತನ್ನ ಕೊರತೆಯನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ!

ಅಲ್ಲೇ ಕೂತು ಸರ್ ಕಲಬುರಗಿ ಜಿಲ್ಲೆಯ ಸನ್ನತಿಯ ವಿಷಯ ಹೇಳಿದರು. ಅಲ್ಲಿ ಚಂದ್ರಲಾಂಬೆ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಯ ಬುಡದಲ್ಲಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಅಶೋಕನ 12ನೇ ಶಾಸನ ಅದರಲ್ಲಿದೆ. ಮಾತನ್ನು ಹಿಡಿತದಲ್ಲಿಡಿ, ಸುಮ್ಮಸುಮ್ಮನೆ ನಿಮ್ಮ ಪಂಥವನ್ನು ಹೊಗಳಬೇಡಿ, ಇನ್ನೊಬ್ಬರದನ್ನು ಹಳಿಯಬೇಡಿ. ಅಭಿಮಾನದಿಂದ ಹಾಗೆ ಮಾಡುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಹತ್ತಿರ ಹತ್ತಿರ ಇದು ಅದರ ತಾತ್ಪರ್ಯ. ನನಗೆ ಆ ಹಿತ್ತಲು ನೆನಪಾಯಿತು, ಒಣಹಾಕಿದ ಬಟ್ಟೆ ನೆನಪಾಯಿತು. ಆಪಾನ ಮನೆಯ ಜೈಲನ್ನು ನೋಡುತ್ತ ನಿಂತವಳಿಗೆ ತನ್ನ ಮನೆಯ ಬಚ್ಚಲ ಕಲ್ಲು ಕಾಣಲೇ ಇಲ್ಲ. ನಾನು ಅದನ್ನು ಮೊದಲೇ ನೋಡಿದ್ದರೆ ನಮ್ಮ ದೊಡ್ಡವ್ವನ ಬಳೆ ಒಡೆಯುವಾಗ ಬಾಯಿ ಬಿಡುತ್ತಿದ್ದೆ. ಆಗ ನನಗೆ ಮೂವತ್ತು ವರ್ಷ. ನಾನೇ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದೆ.

ನಮ್ಮ ಮನೆತನದ ಗುರುಗಳಾದ ಅಯ್ಯನವರಿಗೆ ಶರಣು. ಎಂಬತ್ತು ದಾಟಿದವರು. ಆರು ತಿಂಗಳ ಹಿಂದೆ ನಾನು ಹೋಗಿ ನೇರವಾಗಿ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದು ನಮ್ಮಲ್ಲಿ ಇಲ್ಲವ್ವ, ನಾವು ತಂದುಕೊಂಡಿದ್ದು. ನಾನೂ ಹೇಳಲಿಲ್ಲ, ನನ್ನ ತಪ್ಪದು" ಅಂದರು. ಎಲ್ಲರ ಎದುರು ನನ್ನ ಹಣೆಗೆ ವಿಭೂತಿ ಹಚ್ಚಿ, ಕುಂಕುಮದ ಬಟ್ಟಲನ್ನೂ ನನ್ನ ಕಡೆ ಸರಿಸಿದರು.

ನನ್ನ ನೆಗೆಣ್ಣಿಗೆ ಎಷ್ಟು ಹೇಳಿದರೂ ಕಡಿಮೆ. 2022ರ ಮೇನಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡದ ಗ್ರಾಮಸಭೆ ಬಳೆ ಒಡೆಯುವುದು, ಕುಂಕುಮ ಒರೆಸುವುದು ಬೇಡ ಅಂತ ಠರಾವು ಮಾಡಿದ ಸುದ್ದಿಯನ್ನು ಮೊಬೈಲಿನಲ್ಲಿ ಹುಡುಕಿ, ಅತ್ತೆಯ ಮುಂದೆ ಎರಡು ಸಲ ಓದಿದವಳು ಅವಳು. ಅತ್ತೆ ಆ ದಿನ ಏನೂ ಅನ್ನಲಿಲ್ಲ. ವಾರದ ಮೇಲೆ ಸಂತೆಗೆ ಹೋದವರು ಒಂದು ಡಜನ್ ಹಸಿರು ಬಳೆ ತಂದು, ಮಾತಾಡದೆ ನನ್ನ ಹಾಸಿಗೆಯ ಮೇಲೆ ಇಟ್ಟು ಹೋದರು. ಅತ್ತೀ, ನಿಮಗೂ ಹದಿನೆಂಟು ವರ್ಷದ ಹಿಂದೆ ಇದೇ ಆಗಿತ್ತು. ನಿಮ್ಮ ಕೈಗೆ ಯಾರೂ ತಂದುಕೊಡಲಿಲ್ಲ. ಆ ಡಜನ್ನಿನಲ್ಲಿ ಅರ್ಧ ನಿಮಗೆ ಅಂತ ಎತ್ತಿಟ್ಟಿದ್ದೇನೆ.

ಇನ್ನು ಕ್ಷಮೆಯ ಮಾತು. ಹೋದ ತಿಂಗಳು ಆಪಾನಿಗೆ ನಾನೇ ಹೇಳಿದೆ, 2016ರಲ್ಲಿ ಹಿತ್ತಲಿನಲ್ಲಿ ಹೀಗೆ ಅಂದಿದ್ದೆ ಅಂತ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತದೆ, "ಕೇಳಿಸಿತ್ರಿ ಅಕ್ಕೋರೆ, ಕಿಡಕಿ ತೆಗದಿತ್ತು" ಅಂದರು. ಕೇಳಿಸಿಕೊಂಡಿದ್ದವರು ಐದನೇ ದಿನ ನನ್ನ ಮನೆಗೆ ಅರಿಶಿನ ಹಿಡಿದು ಬಂದಿದ್ದರು. ಆಪಾ, ಅವತ್ತು ನಿಮ್ಮೊಬ್ಬರ ಮುಂದೆ ತಪ್ಪಾಯಿತು ಅಂದೆ. ಮಾತಾಡಿದ್ದು ಹತ್ತು ಮಂದಿಗೆ ಕೇಳುವಂತೆ, ಅದಕ್ಕೇ ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇನೆ. ತಪ್ಪಾಯಿತು.

ಜಾತ್ರೆಗೆ ಇನ್ನು ಸ್ವಲ್ಪ ದಿನ ಇದೆ. ನಿನ್ನೆ ನಮ್ಮ ಪಡಸಾಲೆಯಲ್ಲಿ ದಾಸೋಹದ ರೊಟ್ಟಿ ಶುರುವಾಯಿತು. ಜೋಳದ ಹಿಟ್ಟಿನ ಪರಾತವನ್ನು ಅತ್ತೆ ನನ್ನ ಮುಂದೆ ತಂದಿಟ್ಟರು. ಮೊದಲ ರೊಟ್ಟಿ ನಾನೇ ಬಡಿದೆ. ಆಪಾ ಒಲೆಯ ಮುಂದೆ ಕೂತು ಬೇಯಿಸಿದರು.