ಗೆಳೆಯನಿಗೊಂದು ಪತ್ರ: ಮಗಳ ಕಾಲು ರಾತ್ರಿ ಯಾಕೆ ಸುಮ್ಮನಿರಲ್ಲ

ಪ್ರಿಯ ಮಂಜು,

ಟೈಪ್ 1 ಶುಗರ್‌ಗೆ (ಚಿಕ್ಕಂದಿನಿಂದಲೇ ಇನ್ಸುಲಿನ್ ಬೇಕಾಗೋ ಸಕ್ಕರೆ ಕಾಯಿಲೆ) ಇನ್ಸುಲಿನ್ ತಗೊಳ್ಳೋ ನಿನ್ನ ಮಗಳಿಗೆ ರಾತ್ರಿ ಕಾಲು ಕಾಟ, ನಿದ್ದೆಯಲ್ಲೂ ಒದೀತಾಳೆ, ಯಾಕೆ ಅಂತ ಕೇಳಿದ್ದೆಯಲ್ಲ. ನಿಮ್ಮ ಪಾವಗಡದಲ್ಲಿ ಕಾಲುನೋವು ಅಂದರೆ ಸಾಕು, ಫ್ಲೋರೈಡ್ ನೀರು ಅಂದುಬಿಡ್ತಾರೆ. ಶುಗರ್ ಇರೋ ಮಗು ಅಂತ ಗೊತ್ತಾದರೆ 'ನರ ವೀಕ್' ಅಂತಾರೆ. ಎರಡಕ್ಕೂ ಆತುರ ಬೇಡ ಕಣೋ. ಮಗಳು ಹೇಳ್ತಿರೋದನ್ನ ಸರಿಯಾಗಿ ಕೇಳು: ಸಂಜೆ ಮೇಲೆ, ಮಲಗಿದಾಗಲೇ, ಮೀನಖಂಡದೊಳಗೆ ಇರುವೆ ಹರಿದಂತೆ. ಎದ್ದು ಓಡಾಡಿದರೆ ಇಲ್ಲ, ಮಲಗಿದರೆ ಮತ್ತೆ ಶುರು. ಇದು ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಕಾಲು ಸುಮ್ಮನಿರಲಾಗದ ತೊಂದರೆಯ ಲಕ್ಷಣ. ನರದ ತೊಂದರೆಯಲ್ಲಿ ಪಾದ ಉರಿಯುತ್ತೆ, ಜೋಮು ಹಿಡಿಯುತ್ತೆ, ನಡೆದಾಡಿದರೂ ಬಿಡಲ್ಲ.

ನಿದ್ದೆಯಲ್ಲಿ ಒದೆಯೋದೂ ಇದರ ಜೊತೆಗೇ ಬರೋದುಂಟು. ಹೊದಿಕೆ ಸರಿಸಿ ನೋಡು: ಹೆಬ್ಬೆರಳು ಮೇಲಕ್ಕೆದ್ದು, ಪಾದ ಮಡಚಿ, ಒಂದೆರಡು ಸೆಕೆಂಡಲ್ಲಿ ಸಡಿಲವಾಗುತ್ತೆ, ಅರ್ಧ ನಿಮಿಷದ ಆಸುಪಾಸಲ್ಲಿ ಮತ್ತೆ ಅದೇ. ಐದು ನಿಮಿಷ ವಿಡಿಯೊ ಮಾಡಿಟ್ಟುಕೋ, ಡಾಕ್ಟರಿಗೆ ಬಾಯಲ್ಲಿ ಹೇಳೋದಕ್ಕಿಂತ ಅದೇ ವಾಸಿ.

ಆದರೆ ಇನ್ಸುಲಿನ್ ತಗೊಳ್ಳೋ ಮಗು ರಾತ್ರಿ ಹೊರಳಾಡಿದರೆ ಮೊದಲ ಕೆಲಸ ಗ್ಲೂಕೋಮೀಟರ್. ಎರಡು–ಮೂರು ಗಂಟೆ ಹೊತ್ತಿಗೆ ಬೆರಳು ಚುಚ್ಚಿ ನೋಡು, ಸಂಜೆ ಖೊಖೊ ಆಡಿದ ದಿನ ತಪ್ಪಿಸಲೇಬೇಡ. ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಟೀಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸು, 15 ನಿಮಿಷಕ್ಕೆ ಮತ್ತೆ ನೋಡು. ಪ್ರಜ್ಞೆ ಇಲ್ಲದಿದ್ದರೆ, ಫಿಟ್ಸ್ ಬಂದರೆ ಬಾಯಿಗೆ ಏನೂ ಹಾಕಬೇಡ, ತಕ್ಷಣ ಆಸ್ಪತ್ರೆಗೆ.

ಶುಗರ್ ಸರಿಯಿದ್ದೂ ಒದೀತಿದ್ದರೆ ಕಬ್ಬಿಣದ ಅಂಶ ನೋಡಬೇಕು. ಹಿಮೋಗ್ಲೋಬಿನ್ ಚೆನ್ನಾಗಿದೆ ಅಂತ ಬಿಡಬೇಡ, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಫೆರಿಟಿನ್ ರಕ್ತ ಪರೀಕ್ಷೆ ಬರೆಸಿಕೋ. ಇಲ್ಲೊಂದು ಎಡವಟ್ಟಿದೆ: ಲ್ಯಾಬಿನವರು 20 ಬಂದರೂ 'ನಾರ್ಮಲ್' ಅಂತಾನೇ ಕೊಡಬಹುದು, ಆದರೆ ಈ ತೊಂದರೆ ಇರೋ ಮಕ್ಕಳಿಗೆ 50ಕ್ಕಿಂತ ಕಡಿಮೆಯಿದ್ದರೇ ಐರನ್ ಕೊಡೋ ಯೋಚನೆ ಮಾಡ್ತಾರೆ. ಜ್ವರ, ಸೋಂಕು ಇದ್ದಾಗ ಟೆಸ್ಟ್ ಬೇಡ, ಫೆರಿಟಿನ್ ಸುಳ್ಳೇ ಮೇಲೇರುತ್ತೆ. ಟೈಪ್ 1 ಮಕ್ಕಳಲ್ಲಿ ಸೀಲಿಯಾಕ್ ಅನ್ನೋ ಕಾಯಿಲೆ ಹೆಚ್ಚು. ಅದರಲ್ಲಿ ಗೋಧಿ ಒಗ್ಗದೆ ಕರುಳಿನ ಒಳಪದರ ಹಾಳಾಗಿ ಕಬ್ಬಿಣ ಮೈಗೆ ಹತ್ತಲ್ಲ. ಅದಕ್ಕೂ ಥೈರಾಯ್ಡ್‌ಗೂ ರಕ್ತ ಕೊಡಿಸು. ಗೋಧಿ ಮಾತ್ರ ಈಗಲೇ ನಿಲ್ಲಿಸಬೇಡ, ನಿಲ್ಲಿಸಿದರೆ ಸೀಲಿಯಾಕ್ ಇದ್ದರೂ ಟೆಸ್ಟಲ್ಲಿ ಸಿಗದೆ ಹೋಗಬಹುದು.

ಐರನ್ ಮಾತ್ರೆ ಎಷ್ಟು ಅನ್ನೋದು ತೂಕ ನೋಡಿ ಡಾಕ್ಟರ್ ಬರೀಲಿ. ಮುದ್ದೆ, ಹಾಲು, ಟೀ ಜೊತೆ ಕೊಟ್ಟರೆ ಅರ್ಧಕ್ಕರ್ಧ ದಂಡ. ರಾಗಿಯ ಕ್ಯಾಲ್ಸಿಯಂ, ಫೈಟೇಟ್ (ಕಾಳುಗಳಲ್ಲಿದ್ದು ಕಬ್ಬಿಣ ಹಿಡಿದಿಡೋ ಅಂಶ) ಎರಡೂ ಅಡ್ಡಗಾಲು. ಸಕ್ಕರೆ ಹಾಕದ ನಿಂಬೆ ನೀರಿನ ಜೊತೆ ಕೊಟ್ಟರೆ ಒಳ್ಳೇದು. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಮಲ ಕಪ್ಪಗಾದರೆ ಗಾಬರಿ ಬೇಡ. ಮೂರು ತಿಂಗಳಿಗೆ ಫೆರಿಟಿನ್ ಮತ್ತೆ ನೋಡ್ತಾರೆ.

ಇನ್ನೊಂದು: ಕಬ್ಬಿಣ ಕಡಿಮೆಯಿದ್ದಾಗ ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಆ ಒಂದು ನಂಬರ್ ನೋಡಿ ಇನ್ಸುಲಿನ್ ಏರಿಸಿದರೆ ರಾತ್ರಿ ಲೋ ಆಗುತ್ತೆ. ಮೀಟರ್ ನಂಬರ್ ಬರೆದಿಟ್ಟ ಪುಸ್ತಕ ಜೊತೆಗೇ ತಗೊಂಡು ಹೋಗು.

ನೆಗಡಿಗೆ ಅಂಗಡಿಯಲ್ಲಿ ಕೊಡೋ ನಿದ್ದೆ ಬರಿಸೋ ಸಿರಪ್, ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್ ಕಾಲಿನ ಕಾಟ ಹೆಚ್ಚಿಸ್ತವೆ. ಸಂಜೆ ಕಾಫಿನೂ ಬಿಡಿಸು. ರಿಪೋರ್ಟ್ ಬಂದ ಮೇಲೆ ಫೋಟೊ ಕಳಿಸು.

ನಿನ್ನ,
ರವಿ