ಫೈಟು ಇರಲಿ, ಹೊಡೆದಾಡುವವನು ಯಾರು ಅಂತ ಗೊತ್ತಿರಬೇಕಲ್ವಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ ಬಂದ ಬರಹ ಓದಿದೆ. ಈಗಿನ ಹೀರೋಗಳು ಮಾತಾಡುವುದೇ ಜಾಸ್ತಿ, ಹೊಡೆದಾಡುವುದು ಕಮ್ಮಿ, ದುಡ್ಡು ಕೊಟ್ಟು ಕಾಮಿಕ್ಸ್ ಕೊಳ್ಳುವವರಿಗೆ ಬೇಕಾಗಿರುವುದು ಭರ್ಜರಿ ಫೈಟು ಅನ್ನುವುದು ಅದರ ತಕರಾರು. ಅರ್ಧ ಒಪ್ಪುತ್ತೇನೆ. ಮುಖವಾಡ ಹಾಕಿಕೊಂಡವರು ಮೂರು ಪುಟ ಕಾಫಿ ಕುಡೀತಾ ಕೂತರೆ ಪಾತ್ರ ಬೆಳೆಯಿತು ಅಂತ ನಾನೂ ಹೇಳುವುದಿಲ್ಲ. ನಾನು ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್ ಓದಿ ಬೆಳೆದವನು. ಕೇಡಿಯ ದವಡೆ ಮೇಲೆ ತಲೆಬುರುಡೆ ಗುರುತು ಬೀಳುವ ಪುಟ ಬಂದರೆ ಅಮ್ಮ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಇನ್ನರ್ಧ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಹೋದ ತಿಂಗಳು ಅಣ್ಣನ ಮಗನನ್ನು ಕರೆದುಕೊಂಡು ಚರ್ಚ್ ಸ್ಟ್ರೀಟಿಗೆ ಹೋಗಿದ್ದೆ, ಹಳೇ ಪುಸ್ತಕ ಹುಡುಕಲಿಕ್ಕೆ. (ಅವನ ಕಣ್ಣು ಪುಸ್ತಕಕ್ಕಿಂತ ಆಮೇಲಿನ ದೋಸೆ ಮೇಲಿತ್ತು, ಅದು ಬೇರೆ ವಿಷಯ.) ಅಲ್ಲಿ ಅವನಿಗೆ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಸಿಕ್ಕಿತು, 1992ರ ಕೊನೆಗೆ ಬಂದ 75ನೆಯದು. ಎಂ.ಜಿ. ರೋಡಿನಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿಯುವಷ್ಟರಲ್ಲಿ ಓದಿ ಮುಗಿಸಿದ್ದ. ನಡುವೆ ಇರುವುದು ಮೂರೇ ಸ್ಟೇಷನ್!

ಹುಡುಗನನ್ನು ಬೈಯುವ ಹಾಗಿಲ್ಲ. ಆ ಸಂಚಿಕೆ ಕಟ್ಟಿರುವುದೇ ಹಾಗೆ, ಪುಟಕ್ಕೊಂದೇ ಚಿತ್ರ. ಅದರ ಹಿಂದಿನ ಕಂತುಗಳಲ್ಲಿ ಪುಟಕ್ಕೆ ನಾಲ್ಕು ಚೌಕ, ಆಮೇಲೆ ಮೂರು, ಆಮೇಲೆ ಎರಡು, ಸಾಯುವ ಹೊತ್ತಿಗೆ ಒಂದು. ಲೆಕ್ಕ ಹಾಕಿ ಇಳಿಸಿಕೊಂಡು ಬಂದಿದ್ದಾರೆ. ಜಾಣ ಕೆಲಸ, ಚಿತ್ರಗಳೂ ಜೋರಾಗಿವೆ. ಆದರೆ ಸೂಪರ್‌ಮ್ಯಾನ್‌ನನ್ನು ಕೊಲ್ಲುವ ಆ ಡೂಮ್ಸ್‌ಡೇ ಯಾರು, ಯಾಕೆ ಬಂದ, ಅವನಿಗೆ ಬೇಕಾದ್ದಾದರೂ ಏನು? ಆ ಕಥೆಯಲ್ಲಿ ಉತ್ತರ ಇಲ್ಲ. ನೆಲದೊಳಗಿಂದ ಎದ್ದು ಬಂದ, ಎದುರು ಸಿಕ್ಕವರನ್ನೆಲ್ಲ ಚಚ್ಚಿದ, ಅಷ್ಟೇ. ವಾರ ಬಿಟ್ಟು "ಏನು ನೆನಪಿದೆಯೋ?" ಅಂತ ಕೇಳಿದೆ. "ಸೂಪರ್‌ಮ್ಯಾನ್ ಸತ್ತ, ಚಿಕ್ಕಪ್ಪ. ಕೇಪ್ ಹರಿದಿತ್ತು" ಅಂದ.

ಇದು ಸಂಬಳದ ಲೆಕ್ಕ ಇದ್ದ ಹಾಗೆ. ಅಮೆರಿಕದ ತಿಂಗಳ ಕಾಮಿಕ್ಸಿನಲ್ಲಿ ಕಥೆಗೆ ಸಿಗುವುದು 20-22 ಪುಟ. ಒಂದು ಪೂರ್ತಿ ಪುಟದ ಚಿತ್ರ ಹಾಕಿದರೆ ಆರೇಳು ಚೌಕದ ಜಾಗ ಹೋಯಿತು. ಹತ್ತನೇ ತಾರೀಕಿನೊಳಗೆ ಸಂಬಳವೆಲ್ಲ ಪಟಾಕಿಗೆ ಸುರಿದರೆ ಇಪ್ಪತ್ತಕ್ಕೆ ರೇಷನ್ನಿಗೆ ಏನು ಮಾಡುತ್ತೀರಿ?

ಅದೇ ಹುಡುಗನಿಗೆ ನನ್ನ ಹತ್ತಿರ ಇದ್ದ ಸ್ಪೈಡರ್‌ಮ್ಯಾನ್ ಸಂಗ್ರಹ ಕೊಟ್ಟೆ. ಅದರಲ್ಲಿ 1966ರ ಫೆಬ್ರವರಿಯ 33ನೇ ಸಂಚಿಕೆ ಇದೆ. ಮಾತು ಸ್ಟ್ಯಾನ್ ಲೀ ಅವರದು, ಕಥೆಯ ಹಂದರ ಮತ್ತು ಚಿತ್ರ ಸ್ಟೀವ್ ಡಿಟ್ಕೊ ಅವರದು. ಪೀಟರ್ ಪಾರ್ಕರ್, ಅಂದರೆ ಮುಖವಾಡದೊಳಗಿನ ಸ್ಪೈಡರ್‌ಮ್ಯಾನ್, ಒಂದು ದೈತ್ಯ ಯಂತ್ರದಡಿ ಸಿಕ್ಕಿಹಾಕಿಕೊಂಡಿದ್ದಾನೆ. ಮೇಲಿಂದ ನೀರು ಸೋರುತ್ತಿದೆ. ಚಿಕ್ಕಮ್ಮ ಮೇ ಆಸ್ಪತ್ರೆಯಲ್ಲಿದ್ದಾಳೆ, ಅವಳ ಜೀವ ಉಳಿಸುವ ಔಷಧಿ ಕಣ್ಣೆದುರೇ ಬಿದ್ದಿದೆ, ಕೈಗೆ ಎಟುಕುವುದಿಲ್ಲ. ಹೊಡೆಯಲಿಕ್ಕೆ ಎದುರಿಗೆ ಯಾರೂ ಇಲ್ಲ, ನೋಡಿ! ಒಬ್ಬ ಹುಡುಗ ಒಂದು ಭಾರ ಎತ್ತಬೇಕು, ಇಷ್ಟೇ ಆ ಪುಟಗಳ ಆಕ್ಷನ್. ಆದರೂ ಓದುವವರ ಬೆನ್ನು ನೋಯುತ್ತದೆ. ಯಾಕೆ ಅಂದರೆ ಮೇ ಕಾಯಿಲೆ ಬಿದ್ದಿದ್ದೇ ಇವನು ಹಿಂದೆ ಕೊಟ್ಟ ರಕ್ತದಿಂದ, ಆ ರಕ್ತದಲ್ಲಿ ವಿಕಿರಣ ಇತ್ತು. ಅದಕ್ಕೂ ಮೊದಲು, 1962ರ ಮೊದಲ ಕಥೆಯಲ್ಲೇ, ನನಗ್ಯಾಕೆ ಅಂತ ಇವನು ಸುಮ್ನೆ ಬಿಟ್ಟುಕೊಟ್ಟ ಕಳ್ಳನೇ ಚಿಕ್ಕಪ್ಪ ಬೆನ್‌ನನ್ನು ಕೊಂದಿದ್ದ. ಅಂದರೆ ಬೆನ್ನ ಮೇಲೆ ಕೂತಿರುವುದು ಬರೀ ಕಬ್ಬಿಣ ಅಲ್ಲ. ಡಿಟ್ಕೊ ಸಣ್ಣ ಚೌಕಗಳಲ್ಲಿ ಅವನನ್ನು ಒತ್ತಿ ಒತ್ತಿ ಇಡುತ್ತಾರೆ, ಎತ್ತುತ್ತಾನೆ, ಸೋಲುತ್ತಾನೆ, ಮತ್ತೆ ಎತ್ತುತ್ತಾನೆ, ಚೌಕಗಳು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತವೆ, ಕೊನೆಗೆ ಯಂತ್ರ ಮೇಲೇಳುವಾಗ ಪೂರ್ತಿ ಪುಟ. ಇಲ್ಲೂ ಪೂರ್ತಿ ಪುಟದ ಚಿತ್ರವೇ, ಆದರೆ ಅದಕ್ಕೆ ಬೇಕಾದ ದುಡ್ಡನ್ನು ಮೊದಲೇ ಚೌಕ ಚೌಕವಾಗಿ ಕೂಡಿಟ್ಟಿದ್ದಾರೆ.

ನಮ್ಮೂರು ಕುಂದಾಪುರದ ಕಡೆ. ಯಕ್ಷಗಾನದ 'ಕರ್ಣಾರ್ಜುನ ಕಾಳಗ' ಅಂದರೆ ನಿದ್ದೆಗೆಟ್ಟು ಕೂರುವ ಜನ. ರಥದ ಚಕ್ರ ಹೂತುಹೋದಾಗ ಕರ್ಣ ಮಾಡುವುದೂ ಅಷ್ಟೇ ಅಲ್ವಾ, ಒಂದು ಭಾರ ಎತ್ತುವುದು? ಅಷ್ಟು ಹೊತ್ತಿಗೆ ಕವಚ ಕುಂಡಲ ಕೊಟ್ಟಾಗಿದೆ, ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಅಂತ ಕುಂತಿಗೆ ಮಾತು ಕೊಟ್ಟಾಗಿದೆ. ಇದೆಲ್ಲ ಗೊತ್ತಿಲ್ಲದವನಿಗೆ ಆ ದೃಶ್ಯ ಪಂಕ್ಚರ್ ಅಂಗಡಿ ಮುಂದಿನ ಸೀನಿನ ಹಾಗೆ ಕಾಣುತ್ತದೆ. ತಾಳಮದ್ದಳೆಯಲ್ಲಂತೂ ವೇಷ ಇಲ್ಲ, ಕುಣಿತ ಇಲ್ಲ, ಹಾಡಿನ ಜೊತೆ ಮಾತಿನಲ್ಲೇ ಯುದ್ಧ ಮಾಡಿ ಮುಗಿಸುತ್ತಾರೆ. ಯಾರೂ ಎದ್ದು ಹೋಗುವುದಿಲ್ಲ.

ಹಾಗಂತ ಬರೀ ಮಾತೇ ಸಾಕು ಅಂತಲ್ಲ. ಸ್ಟ್ಯಾನ್ ಲೀ ಬರೆದು ಜ್ಯಾಕ್ ಕರ್ಬಿ ಬಿಡಿಸಿದ, ನಾಲ್ವರು ಹೀರೋಗಳ ತಂಡದ ಫೆಂಟಾಸ್ಟಿಕ್ ಫೋರ್ ನೋಡಿ. 1966ರಲ್ಲಿ 48ರಿಂದ 50ನೇ ಸಂಚಿಕೆವರೆಗೆ, ಗ್ರಹಗಳನ್ನೇ ನುಂಗುವ ಗ್ಯಾಲಾಕ್ಟಸ್ ಭೂಮಿಗೆ ಬಂದು ನಿಲ್ಲುತ್ತಾನೆ. ಅದಕ್ಕಿಂತ ದೊಡ್ಡ ಅಬ್ಬರ ಯಾವುದಿದೆ? ಆದರೆ ಮುಂದಿನ ತಿಂಗಳೇ, 51ರಲ್ಲಿ, ಒಬ್ಬ ವಿಜ್ಞಾನಿಯ ಹೊಟ್ಟೆಕಿಚ್ಚಿನ ಕಥೆ. ಆ ನಾಲ್ವರಲ್ಲಿ ಒಬ್ಬನಾದ ಬೆನ್ ಗ್ರಿಮ್‌ನ ಕಲ್ಲಿನ ಮೈ ಕದ್ದು, ತಂಡದ ನಾಯಕ ರೀಡ್ ರಿಚರ್ಡ್ಸ್‌ನನ್ನು ಮುಗಿಸಲಿಕ್ಕೆ ಬಂದವನು ಕೊನೆಗೆ ಅವನನ್ನು ಉಳಿಸಲಿಕ್ಕೆ ತಾನೇ ಸಾಯುತ್ತಾನೆ. ಅವನ ಹೆಸರು ಕೂಡ ಕಥೆಯಲ್ಲಿ ಬರುವುದಿಲ್ಲ. ನನಗೆ ಗ್ಯಾಲಾಕ್ಟಸ್‌ಗಿಂತ ಜಾಸ್ತಿ ಕಾಡುವವನು ಈ ಹೆಸರಿಲ್ಲದವನೇ. ಅದೇ ಲೀ, ಅದೇ ಕರ್ಬಿ, ಎರಡನ್ನೂ ಮಾಡಿದರು.

ಫೈಟು ಇದ್ದರೇ ಪ್ರತಿ ಖರ್ಚಾಗುವುದು ಅನ್ನುವ ಮಾರಾಟದ ಮಾತೂ ಆ ಬರಹದಲ್ಲಿತ್ತು. ನಿಜ, ಮಾರ್ವೆಲ್ ಕಂಪನಿಯ 1991ರ ಎಕ್ಸ್-ಮೆನ್ ಮೊದಲ ಸಂಚಿಕೆ ಐದು ಬೇರೆ ಬೇರೆ ರಕ್ಷಾಪುಟಗಳಲ್ಲಿ ಬಂದು 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಮುಂದೆ ಬೆಲೆ ಬರುತ್ತೆ ಅಂತ ಕಂತೆಗಟ್ಟಲೆ ಕೊಂಡಿಟ್ಟವರೂ ಅದರಲ್ಲಿದ್ದರು. ಐದು ವರ್ಷಕ್ಕೆ, 1996ರ ಡಿಸೆಂಬರಿನಲ್ಲಿ, ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಫೈಟು ಜಾಸ್ತಿ ಆಗಿದ್ದಕ್ಕೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ, ವ್ಯವಹಾರದ ಕಾರಣಗಳು ಬೇಕಾದಷ್ಟಿದ್ದವು. ಆದರೆ ಎಷ್ಟು ಪ್ರತಿ ಹೋಯಿತು ಅನ್ನುವುದು ಎಷ್ಟು ಜನ ಓದಿದರು ಅನ್ನುವ ಲೆಕ್ಕ ಅಲ್ಲ.

ನಮ್ಮ ಹುಡುಗ 33ನೇ ಸಂಚಿಕೆ ಓದಲಿಕ್ಕೆ ಎರಡು ಸಂಜೆ ತೆಗೆದುಕೊಂಡ. ನಡುವೆ ಒಂದು ಫೋನು. "ಚಿಕ್ಕಪ್ಪ, ಆ ಅಜ್ಜಿ ಬದುಕ್ತಾಳಾ?" ಓದಿ ನೋಡು ಅಂದೆ.

ಕೊನೆಗೊಂದು ವಿನಂತಿ. ಆ ಬರಹದ ಜೊತೆ ನೀವು ಅರ್ಧ ಪುಟ ತುಂಬ ಮುಷ್ಟಿ ಬೀಸುವ ಚಿತ್ರ ಹಾಕಿದ್ದಿರಿ. ಮುಂದಿನ ಸಲ ಡಿಟ್ಕೊ ಅವರ ಸಣ್ಣ ಚೌಕಗಳಿರುವ ಒಂದು ಪುಟ ಹಾಕಿ. ಪುಸ್ತಕ ಬೇಕಿದ್ದರೆ ನಾನೇ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ, ಹುಡುಗ ವಾಪಸ್ ಕೊಟ್ಟ ಮೇಲೆ.

ನಿಮ್ಮ ಓದುಗ,
ರಾಜಾಜಿನಗರ, ಬೆಂಗಳೂರು