ತಾಲೂಕು ಕಾಲೇಜಿನ ಲ್ಯಾಬಿಗೂ ಒಂದು ಮಿರರ್ ಬೇಕು

ಸಂಪಾದಕರಿಗೆ ನಮಸ್ಕಾರ,

ನಾನು ಸಾಗರ ತಾಲೂಕಿನ ಒಂದು ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೊಳೋನು. ಮಳೆಗಾಲ ಬಂತು ಅಂದ್ರೆ ನಮ್ ಕಡೆ ಮರ ಬೀಳುತ್ತೆ, ಕೇಬಲ್ ಕಿತ್ತೋಗುತ್ತೆ, ರಿಪೇರಿಯವರು ಬರೋ ಹೊತ್ತಿಗೆ ಮೂರ್ನಾಲ್ಕು ದಿನ ಕಳೆದಿರುತ್ತೆ, ಅದು ಹೊಸ ವಿಷಯ ಅಲ್ಲ ಬಿಡಿ. ತಲೆನೋವು ಏನಂದ್ರೆ 40 ಮಷಿನ್‌ಗೆ ಸಾಫ್ಟ್‌ವೇರ್ ಹಾಕೋ ಕೆಲಸನೂ ಅದೇ ಟೈಮಿಗೆ ಬರುತ್ತೆ. ಒಂದೊಂದಕ್ಕೂ ಸುಮಾರು ಒಂದೂವರೆ ಜಿಬಿ ಇಳೀಬೇಕು, ಒಟ್ಟು 60 ಜಿಬಿ, ಅದೂ ಅದದೇ ಫೈಲುಗಳು 40 ಸಲ. ಇದಕ್ಕೆ ಮೇಲಿನವರು ಕೊಡೋ ಪರಿಹಾರ ಯಾವಾಗ್ಲೂ ಒಂದೇ, ಇನ್ನೂ ಸ್ಪೀಡಿರೋ ಕನೆಕ್ಷನ್ ಹಾಕ್ಸಿ ಅಂತ. ಅಲ್ರೀ, ಲೈನೇ ಸತ್ತಿರೋವಾಗ ಸ್ಪೀಡ್ ತಗೊಂಡು ಏನ್ ಮಾಡೋದು?

ಪೆನ್‌ಡ್ರೈವಲ್ಲಿ ತಂದು ಹಾಕಿ ಅನ್ನೋರೂ ಇದಾರೆ. ಮಾಡಿ ನೋಡಿದೀನಿ. ಸಿ ಪ್ರೋಗ್ರಾಂ ಕಲಿಸೋಕೆ ಅಂತ ಜಿಸಿಸಿ ಅನ್ನೋ ಕಂಪೈಲರ್ ಒಂದನ್ನ ತಂದ್ರೆ ಅದು ತನ್ನ ಜೊತೆಗಿರಬೇಕಾದ ಬಿನ್‌ಯುಟಿಲ್ಸ್ ಎಲ್ಲಿ ಅನ್ನುತ್ತೆ, ಅದನ್ನ ತಂದ್ರೆ ಅದರ ಲೈಬ್ರರಿ ಎಲ್ಲಿ ಅನ್ನುತ್ತೆ, ಮದುವೆಗೆ ಮಾವನ್ನ ಕರೆದು ಅತ್ತೇನ ಬಿಟ್ರೆ ಆಗುತ್ತಲ್ಲ ಹಾಗೆ. ಪೈಥಾನ್ ಕಥೆ ಇನ್ನೂ ಚೆನ್ನಾಗಿದೆ, ನಂಪೈ, ಪಾಂಡಾಸ್ ಅನ್ನೋ ಅದರ ಲೈಬ್ರರಿಗಳನ್ನೆಲ್ಲಾ ಮನೇಲಿ ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಪಿಪ್ ಡೌನ್‌ಲೋಡ್ ಅನ್ನೋ ಕಮಾಂಡ್ ಕೊಟ್ಟು ಇಳಿಸಿ ಖುಷಿಯಾಗಿ ಹೊತ್ಕೊಂಡು ಬಂದೆ, ಲ್ಯಾಬಲ್ಲಿರೋದು ಲಿನಕ್ಸ್, ಇಳಿದಿದ್ದು ವಿಂಡೋಸಿನ ಫೈಲು, ಒಂದೂ ಕೂರಲಿಲ್ಲ. ಲ್ಯಾಬಲ್ಲಿರೋ ಅದೇ ಓಎಸ್, ಅದೇ ಪೈಥಾನ್ ವರ್ಷನ್ ಇರೋ ಮಷಿನ್‌ನಲ್ಲೇ ಇಳಿಸಬೇಕಿತ್ತು ಅನ್ನೋದು ಆಮೇಲೆ ಹೊಳೀತು.

ಕೊನೆಗೆ ನಾನು ಮಾಡಿದ್ದು ಮಿರರ್. ಅಂದ್ರೆ ಸಾಫ್ಟ್‌ವೇರ್ ಭಂಡಾರದ ಒಂದು ನಕಲನ್ನ ನಮ್ಮ ಲ್ಯಾಬೊಳಗೇ ಇಟ್ಕೊಳೋದು. (ಇಂಡೆಂಟಲ್ಲಿ 'ಮಿರರ್ ಮಾಡಲು ಡಿಸ್ಕ್ 1' ಅಂತ ಬರೆದಿದ್ದೆ, ಆಫೀಸಿನವರು ಯಾವ ಗೋಡೆಗೆ ಅಂತ ಕೇಳಿದ್ರು.) 2023ರ ಜೂನಲ್ಲಿ ಬಂದ ಡೆಬಿಯನ್ 12 ಅನ್ನೋ ಲಿನಕ್ಸ್ ನಮ್ಮಲ್ಲಿರೋದು, ಅದ್ರಲ್ಲಿ 64,419 ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಇದಾವೆ, ಆದ್ರೆ ನಮಗೆ ಸೋರ್ಸ್ ಕೋಡ್ ಬೇಡ, ಬೇರೆ ಪ್ರೊಸೆಸರ್‌ಗಳದ್ದು ಬೇಡ, ಹಾಗಾಗಿ 1 ಟಿಬಿ ಡಿಸ್ಕಲ್ಲಿ ಕೂತು ಇನ್ನೂ ಬೇಕಾದಷ್ಟು ಜಾಗ ಉಳೀತು. ಶಿವಮೊಗ್ಗದಲ್ಲಿ ತಮ್ಮನ ಮನೇಲಿ ಫೈಬರ್ ಇದೆ, ಅಲ್ಲಿ ಏಪಿಟಿ-ಮಿರರ್ ಅನ್ನೋ ಪುಕ್ಕಟೆ ಪ್ರೋಗ್ರಾಂನ ಎರಡು ರಾತ್ರಿ ಓಡಿಸಿ, ಡಿಸ್ಕನ್ನ ಬ್ಯಾಗಲ್ಲಿಟ್ಕೊಂಡು ಬಸ್ಸಲ್ಲಿ ತಂದೆ. ಲ್ಯಾಬಿನ ಒಂದು ಹಳೇ ಮಷಿನ್‌ಗೆ ಸಿಗಿಸಿ, ವೆಬ್ ಸರ್ವರ್ ಹಾಕಿ, ಉಳಿದ ಮಷಿನ್‌ಗಳ ಸೋರ್ಸಸ್ ಲಿಸ್ಟಲ್ಲಿ, ಅಂದ್ರೆ ಸಾಫ್ಟ್‌ವೇರ್ ಎಲ್ಲಿಂದ ತರಬೇಕು ಅಂತ ಹೇಳೋ ಫೈಲಲ್ಲಿ, ಅದರ ಅಡ್ರೆಸ್ ಬರೆದಿದ್ದು, ಅಷ್ಟೇ. ಹೊರಗಿನ ನೆಟ್ ಬೇಡ, ಮಷಿನ್‌ಗಳನ್ನ ಒಂದಕ್ಕೊಂದು ಜೋಡಿಸೋ ನೆಟ್‌ವರ್ಕ್ ಸ್ವಿಚ್ಚಿಗೆ ಕರೆಂಟ್ ಇದ್ರೆ ಸಾಕು.

ಅಷ್ಟೇ ಅಂದೆ, ಆದ್ರೆ ಮೊದಲ ದಿನ 11 ಮಷಿನ್ ಹಟ ಹಿಡಿದ್ವು. ಭಂಡಾರದ ತಾರೀಕು, ಪಟ್ಟಿ ಎಲ್ಲಾ ಇರೋ ರಿಲೀಸ್ ಫೈಲ್ ಇನ್ನೂ ಚಾಲ್ತಿಗೇ ಬಂದಿಲ್ಲ ಅನ್ನೋ ಥರ ಎರರ್. ಮಧ್ಯಾಹ್ನದ ತನಕ ಮಿರರ್ ಕಡೆ ಹುಡುಕಿದೆ, ಆಮೇಲೆ ನೋಡಿದ್ರೆ ಆ ಮಷಿನ್‌ಗಳ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತು ತಾರೀಕು 2012ರ ಜನವರಿ ಒಂದು ಅಂತ ನಿಂತಿದೆ! ನೆಟ್ ಇದ್ದಿದ್ರೆ ಟೈಮ್ ತಾನಾಗೇ ಸರಿ ಹೋಗ್ತಿತ್ತು, ಇಲ್ಲಿ ಹೇಳೋರ್ಯಾರು? ಬಸ್‌ಸ್ಟ್ಯಾಂಡ್ ಹತ್ರದ ವಾಚ್ ಅಂಗಡಿಯಿಂದ 11 ಸೆಲ್ ತಂದು ಹಾಕಿದ ಮೇಲೆ ಸರಿಯಾಯ್ತು. ಇದಕ್ಕೆ ಉಲ್ಟಾನೂ ಇದೆ, ಸೆಕ್ಯುರಿಟಿ ಅಪ್‌ಡೇಟ್ ಭಾಗದ ಫೈಲಿಗೆ ಒಂದು ವಾರದ್ದೇ ವಾಯಿದೆ, ನಕಲು ಹಳೇದಾದ್ರೆ ಅದು ಅವಧಿ ಮುಗೀತು ಅನ್ನುತ್ತೆ, ಅದೊಂದು ಭಾಗಕ್ಕೆ ಮಾತ್ರ ವಾಯಿದೆ ನೋಡೋದನ್ನ ಆಫ್ ಮಾಡ್ಬೇಕು.

ಇಲ್ಲೇ ತುಂಬಾ ಜನ ಒಂದು ತಪ್ಪು ಮಾಡ್ತಾರೆ, ಎರರ್ ಕಾಟ ತಡೀಲಾರದೆ 'ಟ್ರಸ್ಟೆಡ್ ಯೆಸ್' ಅಂತ ಬರೆದು ಸಹಿ ನೋಡೋದನ್ನೇ ಪೂರ್ತಿ ನಿಲ್ಲಿಸಿಬಿಡ್ತಾರೆ. ದಯವಿಟ್ಟು ಬೇಡ. ಡೆಬಿಯನ್‌ನವರು ಹಾಕಿದ ಡಿಜಿಟಲ್ ಸಹಿ ಡಿಸ್ಕ್ ಜೊತೇನೇ ಬರುತ್ತೆ, ಅದನ್ನ ಪರೀಕ್ಷೆ ಮಾಡೋ ಕೀ ಪ್ರತಿ ಮಷಿನ್‌ನಲ್ಲೂ ಮೊದಲೇ ಇರುತ್ತೆ, ಡಿಸ್ಕ್ ಯಾರ ಕೈಯಿಂದ ಯಾರ ಕೈಗೆ ಬಂದ್ರೂ ನಡುವೆ ಒಂದು ಫೈಲ್ ಬದಲಾದ್ರೆ ಗೊತ್ತಾಗುತ್ತೆ. 2024ರ ಮಾರ್ಚಲ್ಲಿ ಎಕ್ಸ್‌ಝಡ್ ಅನ್ನೋ ಸಣ್ಣ ಪ್ಯಾಕೇಜಿನೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿಬಿತ್ತಲ್ಲ, ಆಗ ಡೆಬಿಯನ್‌ನ ಸ್ಟೇಬಲ್ (ಪರೀಕ್ಷೆ ಮುಗಿದ ಆವೃತ್ತಿ) ಬಳಸೋರಿಗೆ ಏನೂ ಆಗ್ಲಿಲ್ಲ ನಿಜ, ಹಾಗಂತ ಒಂದ್ಸಲ ತಂದ ಡಿಸ್ಕನ್ನ ಮೂರು ವರ್ಷ ಹಾಗೇ ಇಟ್ಕೊಂಡ್ರೂ ಕಷ್ಟನೇ, ಆಮೇಲೆ ಸಿಕ್ಕ ದೋಷಗಳ ರಿಪೇರಿ ಅದ್ರಲ್ಲಿ ಇರಲ್ಲ. ತಿಂಗಳಿಗೊಂದ್ಸಲ ಶಿವಮೊಗ್ಗಕ್ಕೆ ಹೋದಾಗ ಹೊಸದಾಗಿ ಬಂದಿದ್ದಷ್ಟನ್ನ ಇಳಿಸ್ಕೊಂಡು ಬರ್ತೀನಿ, ಮೊದಲಿನಷ್ಟು ಹೊತ್ತೇನೂ ಬೇಕಾಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ಈ ಕೆಲಸ ನನ್ನ ತಮ್ಮನ ಮನೆ ವೈಫೈ ಮೇಲೆ ನಡೀಬಾರದು. ಜಿಲ್ಲೆಗೊಂದು ಸರ್ಕಾರಿ ಪಾಲಿಟೆಕ್ನಿಕ್ಕೋ ಎಂಜಿನಿಯರಿಂಗ್ ಕಾಲೇಜೋ ಮಿರರ್ ಇಟ್ಕೊಂಡು, ತಾಲೂಕಿನವರು ಮೀಟಿಂಗಿಗೋ ಪೇಪರ್ ವ್ಯಾಲ್ಯುಯೇಷನ್ನಿಗೋ ಬಂದಾಗ ಡಿಸ್ಕಿಗೆ ತುಂಬ್ಸಿ ಕಳ್ಸಿದ್ರೆ ಸಾಕು. ಐಐಟಿ ಕಾನ್ಪುರದವರು ಇಡೀ ದೇಶಕ್ಕೆ ತೆರೆದಿಟ್ಟ ಮಿರರ್ ನಡೆಸ್ಕೊಂಡು ಬಂದಿದಾರೆ. ಪಕ್ಕದ ಕೇರಳದಲ್ಲಿ ಕೈಟ್ ಸಂಸ್ಥೆ ಶಾಲೆಗಳಿಗೆ ಅಂತಲೇ ಉಬುಂಟು ಮೇಲೆ ಕಟ್ಟಿದ ಓಎಸ್ ಕೊಡುತ್ತೆ, ಮಕ್ಕಳಿಗೆ ಬೇಕಾದ ಸಾಫ್ಟ್‌ವೇರ್ ಎಲ್ಲಾ ಅದ್ರೊಳಗೇ ಇರುತ್ತೆ. ನಮ್ಮಲ್ಲಿ ಟೆಂಡರ್ ಅಂದ್ರೆ ಮಷಿನ್ ಎಷ್ಟು, ಯುಪಿಎಸ್ ಎಷ್ಟು ಅಂತ ಮಾತ್ರ ಇರುತ್ತೆ, ಅದಕ್ಕೆ ಹಾಕೋ ಸಾಫ್ಟ್‌ವೇರ್ ಎಲ್ಲಿಂದ ಬರುತ್ತೆ ಅಂತ ಯಾರೂ ಒಂದು ಸಾಲು ಬರೆಯಲ್ಲ.

ಅಲ್ಲಿ ತನಕ ನಮ್ಮ ಸುತ್ತಮುತ್ತಲ ಕಾಲೇಜಿನವರು ಯಾರಾದ್ರೂ ಖಾಲಿ ಡಿಸ್ಕ್ ಹಿಡ್ಕೊಂಡು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬಂದ್ರೆ ನಾನೇ ಕಾಪಿ ಮಾಡ್ಕೊಡ್ತೀನಿ. ನಮ್ಮ ಮಷಿನ್‌ನ ಪೋರ್ಟ್ ಹಳೇದು, ಒಂದೂವರೆ ಗಂಟೆ ಹಿಡಿಯುತ್ತೆ, ಜೊತೆಗೆ ಮಷಿನ್‌ಗೆ ಒಂದರಂತೆ ಬಟನ್ ಸೆಲ್ಲನ್ನೂ ತಗೊಂಡು ಹೋಗಿ.

– ಒಬ್ಬ ಲ್ಯಾಬ್ ಸಹಾಯಕ, ಸಾಗರ ತಾಲೂಕು